ಎದ್ದು ನಡೆಯುತ್ತಿದ್ದಾನೆ, ಆದರೆ ಇವನು ನಮ್ಮ ತಮ್ಮನಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 28 ವರ್ಷ. ಗದಗಿನ ಮುದ್ರಣಾಲಯವೊಂದರಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಹತ್ತು ವಾರಗಳ ಹಿಂದೆ ಅಣ್ಣಿಗೇರಿಯ ಹತ್ತಿರ ಸರಕು ಗಾಡಿಯೊಂದು ಅವನ ಬೈಕಿಗೆ ಡಿಕ್ಕಿ ಹೊಡೆಯಿತು. ಹೆಲ್ಮೆಟ್ ಇತ್ತು, ಆದರೆ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅದೇ ರಾತ್ರಿ ಆಪರೇಷನ್ ಆಯಿತು. ತಲೆಯ ಬಲಭಾಗದ ಎಲುಬನ್ನು ತೆಗೆದು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿದ್ದಾರೆ. 19 ದಿನ ಐಸಿಯುನಲ್ಲಿದ್ದ. ಈಗ ವಾರ್ಡಿನಲ್ಲಿ ಹಿಡಿದುಕೊಂಡು ನಡೆಯುತ್ತಾನೆ, ಮಾತಾಡುತ್ತಾನೆ, ಬಾಯಿಂದಲೇ ಊಟ ಮಾಡುತ್ತಾನೆ. 'ಚೆನ್ನಾಗಿ ಚೇತರಿಸಿಕೊಂಡಿದ್ದಾರೆ, ಮುಂದಿನ ವಾರ ಮನೆಗೆ ಕರೆದುಕೊಂಡು ಹೋಗಿ' ಎಂದು ಡಾಕ್ಟರು ಹೇಳಿದ್ದಾರೆ.

ಚೇತರಿಕೆ ನಮಗೆ ಕಾಣುತ್ತಿಲ್ಲ. ಎಂದೂ ಎದುರು ಮಾತಾಡದವನು ಅವ್ವನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಒಂದು ರಾತ್ರಿ ನರ್ಸಿನ ಕೈ ತಿರುಚಿದನೆಂದು ಅವನ ಕೈಗಳನ್ನು ಮಂಚಕ್ಕೆ ಕಟ್ಟಿದರು. ಅದನ್ನು ನೋಡಿ ಅವ್ವ ಎರಡು ದಿನ ಊಟ ಮಾಡಲಿಲ್ಲ. ಬೆಳಿಗ್ಗೆ ಬಂದುಹೋದವರು ಸಂಜೆಗೆ ನೆನಪಿರುವುದಿಲ್ಲ. 'ನಿನ್ನೆ ಪ್ರೆಸ್ಸಿಗೆ ಹೋಗಿದ್ದೆ' ಎಂದು ಸುಳ್ಳು ಹೇಳುತ್ತಾನೆ. ತನಗೆ ಏನೂ ಆಗಿಯೇ ಇಲ್ಲ ಎನ್ನುತ್ತಾನೆ. ತಟ್ಟೆಯಲ್ಲಿ ಅರ್ಧ ಊಟ ಬಿಡುತ್ತಾನೆ. ಎಣ್ಣೆಗಾಯಿ ಎಂದರೆ ಪ್ರಾಣ ಬಿಡುತ್ತಿದ್ದವನು ಈಗ ಅದನ್ನು ಮುಟ್ಟುವುದೂ ಇಲ್ಲ. ಫಿಸಿಯೋಥೆರಪಿಯವರು ದಿನಕ್ಕೆ 20 ನಿಮಿಷ ಬರುತ್ತಾರೆ, ಅಷ್ಟೆ.

ಗಾಳಿ ಸೋಕಿದೆ ಎಂದು ಸೋದರಮಾವ ಹೇಳುತ್ತಾನೆ. ಪಾರಿವಾಳದ ರಕ್ತ ತಿಕ್ಕಬೇಕು ಎಂದು ಒಬ್ಬರು ಹೇಳಿದರೆ, ಮೂರೂವರೆ ಲಕ್ಷ ಕೊಟ್ಟರೆ ಸ್ಟೆಮ್ ಸೆಲ್ ಹಾಕುತ್ತಾರೆ ಎಂದು ಇನ್ನೊಬ್ಬರು ನಂಬರ್ ಕೊಟ್ಟಿದ್ದಾರೆ. ಅಪ್ಪ ಹೊಲ ಮಾರಲು ಸಿದ್ಧನಾಗಿದ್ದಾನೆ. ತಮ್ಮನ ನಿಶ್ಚಯ ಆಗಿದೆ. ಹುಡುಗಿಯ ಮನೆಯವರಿಗೆ 'ಕಾಲಿಗೆ ಪೆಟ್ಟಾಗಿದೆ' ಎಂದಷ್ಟೇ ಹೇಳಿದ್ದೇವೆ. ಇವನು ಮೊದಲಿನಂತೆ ಆಗುತ್ತಾನೆಯೇ? ಆಸ್ಪತ್ರೆಯಲ್ಲೇ ಇರಿಸಿಕೊಳ್ಳಿ ಎಂದು ಕೇಳಬೇಕೆ? ನಾನು ನೌಕರಿ ಬಿಡಬೇಕೆ?
— ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಎಣ್ಣೆಗಾಯಿಯಿಂದಲೇ ಶುರು ಮಾಡುತ್ತೇನೆ. ನಾಳೆ ನಿಮ್ಮ ತಮ್ಮ ಊಟ ಸಾಕು ಎಂದು ಕೈ ತೆಗೆದಾಗ, ಏನೂ ಹೇಳದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಡಿ. ಬಿಟ್ಟದ್ದೆಲ್ಲ ತಟ್ಟೆಯ ಎಡಭಾಗದ್ದೇ ಆಗಿದ್ದರೆ, ಈಗ ಬಲಕ್ಕೆ ಬಂದ ಎಣ್ಣೆಗಾಯಿಯನ್ನು ಆಗತಾನೇ ಬಡಿಸಿದರೇನೋ ಎಂಬಂತೆ ತಿಂದು ಮುಗಿಸುತ್ತಾನೆ. ಇದನ್ನು ನಾನು ಎಷ್ಟೋ ತಾಯಂದಿರ ಕೈಯಿಂದ ಮಾಡಿಸಿದ್ದೇನೆ. ತಟ್ಟೆ ತಿರುಗಿದ ಮೇಲೆ ಮಗ ರೊಟ್ಟಿ ಮುರಿದದ್ದನ್ನು ನೋಡಿ ಒಬ್ಬ ತಾಯಿ ನಕ್ಕರು, ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಎರಡು ತಿಂಗಳಿಂದ ಅವರು 'ಇವನಿಗೆ ನನ್ನ ಅಡುಗೆ ಬೇಡವಾಗಿದೆ' ಎಂದುಕೊಂಡಿದ್ದರು.

ಕಣ್ಣಿಗೆ ಏನೂ ಆಗಿರುವುದಿಲ್ಲ. ಎಡಗಡೆಯ ಜಗತ್ತಿನ ಮೇಲೆ ನಿಗಾ ಇಡುವ ಕೆಲಸ ಹೆಚ್ಚಾಗಿ ಮಿದುಳಿನ ಬಲಭಾಗದ್ದು. ಅಲ್ಲಿ ಗಾಯವಾದರೆ ಎಡ ಎನ್ನುವ ದಿಕ್ಕೇ ಅವನ ಪಾಲಿಗೆ ಇಲ್ಲವಾಗುತ್ತದೆ. ಎಡಗಡೆ ನಿಂತು ಮಾತಾಡಿಸಿದರೆ ಉತ್ತರ ಬರುವುದಿಲ್ಲ, ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಾನೆ, ಅಂಗಿಯ ಎಡತೋಳು ಜೋತಾಡುತ್ತಿರುತ್ತದೆ. ಮನೆಯವರು ಇದನ್ನು ಹಟ, ಸಿಟ್ಟು, ಅಸಡ್ಡೆ ಎಂದು ಓದುತ್ತಾರೆ. ನಿಮ್ಮ ಪತ್ರದಲ್ಲಿರುವ ಬೈಗುಳ, 'ಸುಳ್ಳು', 'ನನಗೇನೂ ಆಗಿಲ್ಲ' ಎನ್ನುವ ಮೊಂಡುತನ, ಇವೆಲ್ಲವೂ ಆ ಎಣ್ಣೆಗಾಯಿಯ ಜಾತಿಗೇ ಸೇರಿದವು. ಎಲ್ಲವೂ ಗಾಯವೇ, ಆದರೆ ಹೊರಗಿನಿಂದ ಸ್ವಭಾವದಂತೆ ಕಾಣುತ್ತವೆ.

ಡಾಕ್ಟರು ಚೇತರಿಸಿಕೊಂಡಿದ್ದಾನೆ ಎನ್ನುತ್ತಾರೆ, ನೀವು ಇವನು ನಮ್ಮವನಲ್ಲ ಎನ್ನುತ್ತೀರಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದೀರಿ. ಶಸ್ತ್ರಚಿಕಿತ್ಸಕರು ಹಿಡಿದಿರುವ ಅಳತೆಗೋಲು ಬೇರೆ. 1974ರಿಂದ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ 3 ಎಂದರೆ ಏನೂ ಸ್ಪಂದನೆ ಇಲ್ಲ, 15 ಎಂದರೆ ಪೂರ್ಣ ಎಚ್ಚರ. ತಾನಾಗಿ ಕಣ್ಣು ಬಿಡುತ್ತಾನೆ, ಹೇಳಿದಂತೆ ಕೈ ಎತ್ತುತ್ತಾನೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾನೆ ಎಂದರೆ 15ಕ್ಕೆ 15. ಸಾವಿನ ಬಾಯಿಯಿಂದ ಹುಡುಗನನ್ನು ಎಳೆದು ತಂದವರಿಗೆ ಆ ಅಂಕಿ ಏರಿದ್ದು ದೊಡ್ಡ ಸಂಗತಿ, ದೊಡ್ಡದೇ ಹೌದು. ಆದರೆ ಅವ್ವನ ಮುಖ ನೋಡಿ ದನಿ ತಗ್ಗಿಸುತ್ತಾನೆಯೇ ಎಂಬುದನ್ನು ಅದು ಅಳೆಯುವುದಿಲ್ಲ.

ಈ ತಪ್ಪು ನನ್ನಿಂದಲೂ ಆಗಿದೆ. ಆಗ ನಾನು ಪುನಶ್ಚೇತನ ವೈದ್ಯನಾಗಿ ಹೊಸತು. ಹಾವೇರಿ ಕಡೆಯ ರೋಗಿಯೊಬ್ಬರನ್ನು 'ಎಲ್ಲಾ ಸರಿಯಾಗಿದೆ, ಹೋಗಿ ಬನ್ನಿ' ಎಂದು ಕಳಿಸಿದೆ. ಆರು ವಾರದ ನಂತರ ಅವರ ಹೆಂಡತಿ ಒಬ್ಬರೇ ಬಂದರು. ನನ್ನ ಮೇಜಿನ ಮೇಲೆ ಡಿಸ್ಚಾರ್ಜ್ ಕಾಗದ ಇಟ್ಟು, 'ಇದರಲ್ಲಿ ಬರೆದ ಮನುಷ್ಯ ನಮ್ಮ ಮನೆಗೆ ಬಂದಿಲ್ಲ' ಎಂದರು. ಅಂದಿನಿಂದ ಡಿಸ್ಚಾರ್ಜಿಗೆ ಮೊದಲು ಮನೆಯವರನ್ನು ಬೇರೆ ಕೂರಿಸಿ ಒಂದು ಗಂಟೆ ಮಾತಾಡದೆ ನಾನು ಯಾರನ್ನೂ ಕಳಿಸುವುದಿಲ್ಲ. ನಿಮಗೂ ಆ ಒಂದು ಗಂಟೆ ಸಿಗಬೇಕಿತ್ತು.

ಅವನು ಯಾಕೆ ಹೀಗಾದ ಎಂಬುದಕ್ಕೆ ಬರೋಣ. ಮಿದುಳು ಗಟ್ಟಿ ಮೊಸರಿನಷ್ಟು ಮೃದು. ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲಿರುವ ಬುರುಡೆಯ ನೆಲ ಮಾತ್ರ ಏರುತಗ್ಗಿನ ಒರಟು ನೆಲ. ಓಡುವ ಬೈಕು ತಟ್ಟನೆ ನಿಂತಾಗ ತಲೆಯೂ ನಿಲ್ಲುತ್ತದೆ, ಒಳಗಿನ ಮಿದುಳು ಜಾರಿ ಆ ನೆಲಕ್ಕೆ ಉಜ್ಜುತ್ತದೆ. ಪೆಟ್ಟು ತಲೆಯ ಯಾವ ಕಡೆ ಬಿದ್ದರೂ ಮಿದುಳಿನ ಮುಂಭಾಗ ಮತ್ತು ಕಿವಿಯ ಮಗ್ಗುಲಿನ ತುದಿಗಳು ಗಾಯಗೊಳ್ಳುವುದು ಇದರಿಂದಲೇ. ಆ ಮುಂಭಾಗದ ಮುಖ್ಯ ಕೆಲಸಗಳಲ್ಲಿ ಒಂದು ತಡೆಯುವುದು. ನನಗೂ ನಿಮಗೂ ದಿನಕ್ಕೆ ಹತ್ತು ಸಲ ಯಾರನ್ನೋ ಬೈಯಬೇಕು ಎನಿಸುತ್ತದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತೇವೆ. ನುಂಗಿಸುವ ಜಾಗಕ್ಕೇ ಏಟು ಬಿದ್ದಿದೆ. ಬೈಗುಳ ಹೆಚ್ಚಾಗಿ ಅವ್ವನ ಪಾಲಿಗೆ ಬರುವುದು ಅವಳ ಮೇಲೆ ದ್ವೇಷವಿದೆ ಎಂದಲ್ಲ. ಹಗಲೂ ರಾತ್ರಿ ಎದುರಿಗಿರುವವಳು ಅವಳೇ.

ಇನ್ನೊಂದು ಬಗೆಯ ಗಾಯವೂ ಇದೆ. ತಲೆ ಗಿರ್ರನೆ ತಿರುಗಿದ ರಭಸಕ್ಕೆ ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಜಗ್ಗಿ ಹರಿಯುತ್ತವೆ. ನೇಕಾರರ ಊರಾದ ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ನೂರು ಎಳೆ ಹರಿದರೂ ಮಗ್ಗ ದೂರದಿಂದ ಸರಿಯಾಗಿಯೇ ಕಾಣುತ್ತದೆ, ನೇಯಲು ಕುಳಿತಾಗಲೇ ಗೊತ್ತಾಗುವುದು. ಸಿಟಿ ಸ್ಕ್ಯಾನಿನಲ್ಲಿ ಈ ಗಾಯ ಎಷ್ಟೋ ಸಲ ಕಾಣುವುದೇ ಇಲ್ಲ. 'ಸ್ಕ್ಯಾನ್ ಚೆನ್ನಾಗಿದೆ' ಎಂಬ ಮಾತನ್ನು ಅಷ್ಟಕ್ಕೇ ತೆಗೆದುಕೊಳ್ಳಿ.

'ಇವನು ಅವನಲ್ಲ' ಎಂಬ ನಿಮ್ಮ ಮಾತು ವೈದ್ಯರಿಗೆ ಹಳೆಯದು. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಫಿನಿಯಸ್ ಗೇಜ್ ಎಂಬ ರೈಲುಹಾದಿ ಮೇಸ್ತ್ರಿಯ ತಲೆಯ ಮುಂಭಾಗವನ್ನು ಕಬ್ಬಿಣದ ಸಲಾಕೆಯೊಂದು ತೂರಿಕೊಂಡು ಹೋಯಿತು. ಅವನು ಬದುಕಿದ, ನಡೆದ, ಮಾತಾಡಿದ. ಆದರೆ ಸಭ್ಯನಾಗಿದ್ದವನ ಬಾಯಲ್ಲಿ ಹೊಲಸು ಮಾತು. 'ಇವನು ಗೇಜ್ ಅಲ್ಲ' ಎಂದು ಅವನ ಸ್ನೇಹಿತರೇ ಹೇಳಿದರು. ಪಾಠ ಮಾಡುವವರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿ ದುಡಿದ ಎಂಬುದನ್ನು ಹೇಳುವವರು ಕಡಿಮೆ.

ಈಗ 'ಸುಳ್ಳು'. ತಲೆಗೆ ಜೋರು ಪೆಟ್ಟಾದವರು ಕೋಮಾದಿಂದ ನೇರವಾಗಿ ಎಚ್ಚರಕ್ಕೆ ಬರುವುದಿಲ್ಲ. ನಡುವೆ ಒಂದು ಮಬ್ಬಿನ ಅವಧಿ ಇರುತ್ತದೆ. ಮಾತು ಬರುತ್ತದೆ, ಹಳೆಯದು ನೆನಪಿರುತ್ತದೆ, ಆದರೆ ಇಂದು ನಡೆದದ್ದು ನಾಳೆಗೆ ಉಳಿಯುವುದಿಲ್ಲ. ಉಳಿಯದ ಜಾಗದಲ್ಲಿ ಮಿದುಳು ತನಗೆ ಸಿಕ್ಕ ಹಳೆಯ ತುಂಡನ್ನು ತಂದು ತೇಪೆ ಹಾಕುತ್ತದೆ. ಪ್ರೆಸ್ಸಿಗೆ ಹೋಗಿದ್ದೆ ಎನ್ನುವಾಗ ಅವನು ನಿಮ್ಮನ್ನು ವಂಚಿಸುತ್ತಿಲ್ಲ. ಅವನಿಗೆ ಅದು ನಿಜವಾಗಿಯೇ ನಡೆದಂತಿದೆ. ವಾದಿಸಬೇಡಿ, ಹೌದು ಹೌದು ಎಂದು ನಟಿಸಲೂ ಬೇಡಿ. 'ನೀನು ಆಸ್ಪತ್ರೆಯಲ್ಲಿದ್ದೀಯ, ಬೈಕಿಗೆ ಅಪಘಾತವಾಗಿತ್ತು, ಈಗ ಗುಣವಾಗುತ್ತಿದ್ದೀಯ' ಎಂದು ಒಂದೇ ದನಿಯಲ್ಲಿ ಹೇಳಿ ಮಾತು ಬದಲಿಸಿ. ನೆಂಟರು ಬಂದಾಗ 'ನಾನು ಯಾರು ಹೇಳು ನೋಡೋಣ?' ಎಂದು ಪರೀಕ್ಷೆ ಮಾಡುವುದನ್ನಂತೂ ನಿಲ್ಲಿಸಿ. ನಮ್ಮ ಕಡೆ ವಾರ್ಡಿಗೆ ಬಂದ ಪ್ರತಿಯೊಬ್ಬ ಅತ್ತೆ-ಮಾವಂದಿರೂ ಕೇಳುವ ಮೊದಲ ಪ್ರಶ್ನೆ ಇದೇ. 'ನಾನು ನಿನ್ನ ಅತ್ತೆ, ಬೆಟಗೇರಿಯಿಂದ ಬಂದಿದ್ದೇನೆ' ಎಂದು ಅವರೇ ಹೇಳಿ ಕುಳಿತುಕೊಳ್ಳಲಿ.

ಈ ಮಬ್ಬು ಎಷ್ಟು ದಿನ ಇತ್ತು ಎಂಬುದು ಮುಂದಿನದನ್ನು ಸ್ಕ್ಯಾನಿಗಿಂತ ಚೆನ್ನಾಗಿ ಸೂಚಿಸುತ್ತದೆ. ನಾಲ್ಕು ವಾರ ದಾಟಿದರೆ ಗಾಯ ಬಹಳ ತೀವ್ರವಾದದ್ದು ಎಂದು ನಾವು ಲೆಕ್ಕ ಹಾಕುತ್ತೇವೆ. ನಿಮ್ಮ ತಮ್ಮನಿಗೆ ಹತ್ತು ವಾರಕ್ಕೂ ಅದು ಪೂರ್ತಿ ತಿಳಿದಿಲ್ಲ. ಹಾಗಾಗಿ ನಾನು ನಿಮಗೆ ಸಿಹಿ ಮಾತು ಹೇಳುವುದಿಲ್ಲ. ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು. ಆದರೆ ಹತ್ತನೇ ವಾರಕ್ಕೇ ನಡೆಯುತ್ತಿರುವ, ತಾನೇ ಉಣ್ಣುತ್ತಿರುವ ಹುಡುಗ ಸ್ನಾನ, ಬಟ್ಟೆ, ಓಡಾಟ ಇವುಗಳಲ್ಲಿ ತನ್ನ ಕಾಲ ಮೇಲೆ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ಎಡಗಡೆಯ ಮರೆವು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಸಿಟ್ಟು ಇಳಿಯುತ್ತದೆ, ಆದರೆ ಪೂರ್ತಿ ಹೋಗದೆಯೂ ಇರಬಹುದು. ಕಾಗದ ಕತ್ತರಿಸುವ ಯಂತ್ರಕ್ಕೆ ಅವನು ಮರಳುವುದು ನನಗೆ ಅನುಮಾನ. ಎಡಗೈಯ ಕಡೆ ಲಕ್ಷ್ಯವಿಲ್ಲದವನನ್ನು ಆ ಅಲಗಿನ ಮುಂದೆ ನಿಲ್ಲಿಸುವುದು ಅಪಾಯ. ಕಾಗದ ಎಣಿಸುವುದು, ಕಟ್ಟು ಕಟ್ಟುವುದು, ಮಡಚುವುದು ಬೇರೆ ಮಾತು. ಮಾಲೀಕರ ಬಳಿ ಮುಂದಿನ ವರ್ಷ ಆ ಮಾತಾಡಬಹುದು. ಆರು ತಿಂಗಳಾದರೆ ಬಾಗಿಲು ಮುಚ್ಚಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೇಗದ ಚೇತರಿಕೆ ಮೊದಲ ಆರು ತಿಂಗಳಲ್ಲಿ ಎಂಬುದು ನಿಜ. ಎರಡನೇ ವರ್ಷದಲ್ಲೂ ಅದು ಮುಂದುವರಿಯುತ್ತದೆ, ಆದರೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ.

ಕೈ ಕಟ್ಟಿದ್ದು. ಇದರ ಬಗ್ಗೆ ನಿಮ್ಮ ತಾಯಿಗೆ ನಾನೇ ಹೇಳಬೇಕೆನಿಸುತ್ತದೆ: ಅದು ಶಿಕ್ಷೆಯಾಗಿರಲಿಲ್ಲ. 30 ಹಾಸಿಗೆಗೆ ಇಬ್ಬರು ನರ್ಸುಗಳಿರುವ ರಾತ್ರಿಪಾಳಿಯಲ್ಲಿ, ಎಲುಬಿಲ್ಲದ ತಲೆಯ ರೋಗಿ ಮಂಚದಿಂದ ಧುಮುಕಿದರೆ ಏನಾಗುತ್ತದೆ ಎಂಬ ಭಯಕ್ಕೆ ಕಟ್ಟುತ್ತಾರೆ. ಹಾಗೆಂದು ಅದು ಒಳ್ಳೆಯ ಉಪಾಯವೂ ಅಲ್ಲ. ಕಟ್ಟಿದಷ್ಟೂ ಮಬ್ಬಿನಲ್ಲಿರುವವನು ಹೆದರುತ್ತಾನೆ, ಹೆದರಿದಷ್ಟೂ ಒದ್ದಾಡುತ್ತಾನೆ. ಸಿಟ್ಟಿಗೆದ್ದವನ ಹಿಂದೆ ಕಾರಣ ಹುಡುಕಬೇಕು: ಜ್ವರ ಇದೆಯೇ, ಮೂತ್ರ ಕಟ್ಟಿದೆಯೇ, ನಾಲ್ಕು ದಿನದಿಂದ ಮಲ ಹೋಗಿಲ್ಲವೇ, ಭುಜ ನೋಯುತ್ತಿದೆಯೇ, ನಿದ್ದೆ ಆಗಿದೆಯೇ? ದೀಪಾವಳಿಯ ಹೊತ್ತಿನ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಪೆಟ್ಟಾಗಿ ಬಂದ ಹಾವೇರಿಯ ಹುಡುಗನೊಬ್ಬ ದಿನವೂ ಸಂಜೆ ಐದಕ್ಕೆ ಸರಿಯಾಗಿ ಕೂಗಾಡಲು ಶುರು ಮಾಡುತ್ತಿದ್ದ. ಔಷಧಿ ಹೆಚ್ಚಿಸಿ ಎಂದು ಎಲ್ಲರ ಒತ್ತಾಯ. ಹೋಗಿ ನೋಡಿದರೆ ಐದು ಗಂಟೆ ಎಂದರೆ ಭೇಟಿಯ ಹೊತ್ತು. ಊರಿನಿಂದ ಕ್ರೂಸರ್ ಮಾಡಿಕೊಂಡು ಬಂದ ಹದಿನೈದು ಜನ ಮಂಚದ ಸುತ್ತ ನಿಂತಿರುತ್ತಿದ್ದರು. ಇಬ್ಬರಿಗೆ ಇಳಿಸಿದೆವು, ಟಿ.ವಿ. ಆರಿಸಿದೆವು, ಕಿಟಕಿ ಪಕ್ಕದ ಮಂಚಕ್ಕೆ ಸರಿಸಿದೆವು. ಒಂದು ವಾರದಲ್ಲಿ ಕೂಗಾಟ ಅರ್ಧಕ್ಕಿಂತ ಕಡಿಮೆಯಾಯಿತು. ಕೆಲವರಿಗೆ ಔಷಧಿ ಬೇಕೇ ಆಗುತ್ತದೆ. ಆದರೆ ನಿದ್ದೆ ಬರಿಸುವ ಕೆಲವು ಔಷಧಿಗಳು ಮಬ್ಬನ್ನು ಇನ್ನಷ್ಟು ದಪ್ಪ ಮಾಡುತ್ತವೆ. 'ಇದನ್ನು ಎಷ್ಟು ದಿನ ಕೊಡುತ್ತೀರಿ, ಯಾವಾಗ ಇಳಿಸುತ್ತೀರಿ?' ಎಂದು ಕೇಳುವುದು ನಿಮ್ಮ ಹಕ್ಕು.

ರೋಗಿಗಳು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಆ ದಿನಗಳನ್ನು ಹೇಗೆ ನೆನೆಯುತ್ತಾರೆ ಎಂದು ನಾನು ಕೇಳುತ್ತಿರುತ್ತೇನೆ. ಐಸಿಯು ಯಾರಿಗೂ ನೆನಪಿಲ್ಲ, ಅಥವಾ ಕನಸಿನ ಚೂರಿನಂತೆ ನೆನಪಿದೆ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ಹತ್ತು ವರ್ಷದ ಹಿಂದಿನ ಕ್ವಿಂಟಲ್ ದರ ಬಾಯಲ್ಲಿತ್ತು, ಬೆಳಿಗ್ಗೆ ಯಾರಿಗೆ ಮಾಲು ಕೊಟ್ಟೆ ಎಂಬುದು ಇರಲಿಲ್ಲ. ಅವರು ಹೇಳಿದ್ದು: 'ಎಲ್ಲರೂ ನನ್ನ ಎದುರೇ ನನ್ನ ಬಗ್ಗೆ ಹೆಂಡತಿಯನ್ನು ಕೇಳುತ್ತಿದ್ದರು. ಊಟ ಮಾಡಿದನೇ, ಮಲಗಿದನೇ ಎಂದು. ನಾನು ಅಲ್ಲೇ ಇದ್ದೆ.' ಇನ್ನೊಬ್ಬ ಶಾಲಾ ಶಿಕ್ಷಕಿಗೆ ಎಲ್ಲಕ್ಕಿಂತ ಕಷ್ಟವಾದದ್ದು ದಣಿವು. ಹತ್ತು ನಿಮಿಷ ಮಾತಾಡಿದರೆ ತಲೆ ಖಾಲಿಯಾಗುತ್ತಿತ್ತು, ಮನೆಯವರು ಅದನ್ನು ಸೋಮಾರಿತನ ಎನ್ನುತ್ತಿದ್ದರು. ಹಾಗಾಗಿ ಅವನನ್ನೇ ಕೇಳಿ, ಅವನ ಉತ್ತರಕ್ಕೆ ಕಾಯಿರಿ, ಉತ್ತರ ತಡವಾದರೆ ನೀವೇ ತುಂಬಬೇಡಿ. ಮಧ್ಯಾಹ್ನ ಒಂದು ನಿದ್ದೆ ಮಾಡಲಿ.

20 ನಿಮಿಷದ ಫಿಸಿಯೋಥೆರಪಿ ಸಾಲದು ಎಂಬ ನಿಮ್ಮ ದೂರು ಸರಿಯಾದದ್ದೇ. ಪುನಶ್ಚೇತನ ಎಂದರೆ ಕೈಕಾಲು ಆಡಿಸುವುದಷ್ಟೇ ಅಲ್ಲ. ಮಾತು ಮತ್ತು ನುಂಗುವಿಕೆಗೆ ಸ್ಪೀಚ್ ಥೆರಪಿಸ್ಟ್, ಸ್ನಾನ, ಅಡುಗೆ, ಬಟ್ಟೆಯಂಥ ದಿನದ ಕೆಲಸ ಕಲಿಸಲು ಆಕ್ಯುಪೇಷನಲ್ ಥೆರಪಿಸ್ಟ್, ನೆನಪು ಮತ್ತು ನಡವಳಿಕೆಗೆ ಮನಶ್ಶಾಸ್ತ್ರಜ್ಞರು ಒಟ್ಟಿಗೆ ಕೂರಬೇಕು. ನಮ್ಮ ಭಾಗದಲ್ಲಿ ಇವರೆಲ್ಲ ಒಂದೇ ಸೂರಿನಡಿ ಸಿಗುವುದು ಅಪರೂಪ. ಆದರೆ ನಡಿಗೆಯೂ ಊಟವೂ ಮಾತೂ ಅಭ್ಯಾಸದಿಂದ ಮರಳುತ್ತವೆ, ಆ ಅಭ್ಯಾಸದ ಬಹುಪಾಲು ಥೆರಪಿಸ್ಟ್ ಹೋದ ಮೇಲೆ ನಡೆಯುವಂಥದ್ದು. ಇಲ್ಲಿ ಅವ್ವನ ಪ್ರೀತಿ ಒಮ್ಮೊಮ್ಮೆ ಅಡ್ಡ ಬರುತ್ತದೆ. ತುತ್ತು ಮಾಡಿ ಬಾಯಿಗಿಡುವುದು, ಅಂಗಿ ತೊಡಿಸುವುದು, ಎಡಗೈಯನ್ನು ಮಡಿಲಲ್ಲಿಟ್ಟು ನೀವುವುದು ಎಲ್ಲ ಸಹಜ. ಅಂಗಿಗೆ ಅವನು ಕಾಲು ಗಂಟೆ ತೆಗೆದುಕೊಂಡರೂ ಅವನೇ ಹಾಕಿಕೊಳ್ಳಲಿ, ಎಡತೋಳಿನಿಂದ ಶುರು ಮಾಡಲಿ. ನೀರಿನ ಲೋಟವನ್ನು ಮೇಜಿನ ಎಡಗಡೆ ಇಡಿ. ಮಾತಾಡಿಸುವಾಗ ಮೊದಲು ಬಲಕ್ಕೆ ನಿಂತು ಗಮನ ಹಿಡಿದು, ನಿಧಾನವಾಗಿ ಎಡಕ್ಕೆ ಬನ್ನಿ.

ಮನೆಗೋ ಆಸ್ಪತ್ರೆಗೋ ಎಂಬುದಕ್ಕೆ ನನ್ನ ಅಭಿಪ್ರಾಯ: ಆಪರೇಷನ್ ಆದ ವಾರ್ಡಿನಲ್ಲಿ ಇನ್ನೂ ಉಳಿಯುವುದರಿಂದ ಲಾಭಕ್ಕಿಂತ ನಷ್ಟ ಹೆಚ್ಚು. ಸೋಂಕು, ಗದ್ದಲ, ರಾತ್ರಿ ಆರದ ದೀಪ, ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ಅವ್ವನ ಬೆನ್ನು. ಪುನಶ್ಚೇತನ ವಿಭಾಗವಿರುವ ಆಸ್ಪತ್ರೆಯಲ್ಲಿ ನಾಲ್ಕಾರು ವಾರದ ದಾಖಲಾತಿ ಸಿಕ್ಕರೆ ಅದು ಬೇರೆ ಮಾತು, ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನ ವಿಭಾಗವಿದೆ; ಆದರೆ ಕಾಯಬೇಕಾಗುತ್ತದೆ, ಜೊತೆಗಿರುವವರ ಖರ್ಚು, ಮನೆಯಿಂದ ದೂರ. ಮೂರನೆಯ ದಾರಿ ಮನೆಯಲ್ಲಿದ್ದುಕೊಂಡು ವಾರಕ್ಕೆ ಎರಡು ಮೂರು ಸಲ ಚಿಕಿತ್ಸೆಗೆ ಬರುವುದು. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಪ್ರಯಾಣದ ದಣಿವಿನಲ್ಲೇ ದಿನ ಮುಗಿದರೆ ಚಿಕಿತ್ಸೆ ವ್ಯರ್ಥ. ಗದಗಿನಲ್ಲೇ ಫಿಸಿಯೋಥೆರಪಿ ಇಟ್ಟುಕೊಂಡು, ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಬಂದು ತೋರಿಸಿ ಹೊಸ ಅಭ್ಯಾಸ ಕಲಿತು ಹೋಗುವುದು ಹೆಚ್ಚಿನವರಿಗೆ ನಡೆಯುವ ವ್ಯವಸ್ಥೆ. ನಡವಳಿಕೆ, ನೆನಪುಗಳಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ನಮ್ಮ ಸೀಮೆಯಲ್ಲಿ 'ಧಾರವಾಡಕ್ಕೆ ಕಳಿಸಬೇಕು' ಎಂದರೆ ಹುಚ್ಚು ಹಿಡಿದಿದೆ ಎಂದರ್ಥ, ಅದು ನನಗೂ ಗೊತ್ತು. ಆ ಒಂದು ಗಾದೆಗೆ ಹೆದರಿ ಜನ ಬಾಗಿಲಲ್ಲಿರುವ ಸೌಲಭ್ಯ ಬಿಟ್ಟು ಊರೂರು ಅಲೆಯುವುದನ್ನು ನೋಡಿ ಸಾಕಾಗಿದೆ.

ಡಿಸ್ಚಾರ್ಜ್ ದಿನಕ್ಕೆ ಮೊದಲು ಎರಡು ದಿನ ವಾರ್ಡಿನಲ್ಲೇ ಎಲ್ಲವನ್ನೂ ನಿಮ್ಮ ಕೈಯಿಂದ ಮಾಡಿಸಿ ನೋಡಿ ಎಂದು ಕೇಳಿಕೊಳ್ಳಿ: ಮೆಟ್ಟಿಲು ಹತ್ತಿಸುವುದು, ಮಂಚದಿಂದ ಕುರ್ಚಿಗೆ ದಾಟಿಸುವುದು, ಕೂರಿಸಿಯೇ ಉಣಿಸುವುದು. ಮಲಗಿಸಿ ಉಣಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯಬಹುದು. ನೀರು ಕುಡಿದ ಮೇಲೆ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ನುಂಗುವಿಕೆ ಪರೀಕ್ಷಿಸದೆ ಮನೆಗೆ ಹೋಗಬೇಡಿ.

ತಲೆಯ ಬಲಭಾಗದಲ್ಲಿ ಎಲುಬಿಲ್ಲ ಎಂಬುದನ್ನು ಮನೆಯ ಮಕ್ಕಳಿಗೂ ಹೇಳಿ. ಆ ಕಡೆ ಮಲಗಬಾರದು, ನಡೆಯುವಾಗ ತಲೆಗೆ ಹೆಲ್ಮೆಟ್ಟಿನಂಥ ರಕ್ಷೆ ಇರಬೇಕು. ಹೊಟ್ಟೆಯಲ್ಲಿರುವ ಎಲುಬು ಸುರಕ್ಷಿತವಾಗಿದೆ. ಬಾವು ಇಳಿದು ಸೋಂಕಿಲ್ಲವೆಂದು ಖಾತ್ರಿಯಾದ ಮೇಲೆ ಮರಳಿ ಕೂರಿಸುತ್ತಾರೆ. ದಿನಾಂಕ ಕೇಳಿ ಬರೆದುಕೊಳ್ಳಿ, ಊರಿಗೆ ಹೋದವರು ಮರೆಯುವುದು ಇದನ್ನೇ. ಸುಧಾರಿಸುತ್ತಿದ್ದವನು ಮತ್ತೆ ಮಂಕಾದರೆ, ನಡಿಗೆ ಕೆಟ್ಟರೆ, ಬಟ್ಟೆಯಲ್ಲೇ ಮೂತ್ರ ಹೋಗಲು ಶುರುವಾದರೆ, ತಲೆನೋವು ವಾಂತಿ ಕಂಡರೆ, ತೆರೆದ ಜಾಗ ಬಿಗಿಯಾಗಿ ಉಬ್ಬಿದರೆ ಅದು ಹಟವಲ್ಲ, ತಲೆಯಲ್ಲಿ ನೀರು ಅಥವಾ ರಕ್ತ ತುಂಬುತ್ತಿರಬಹುದು. ಅದೇ ದಿನ ಬನ್ನಿ. ಫಿಟ್ಸ್ ಬಂದರೆ ಕೈಗೆ ಕೀಲಿ, ಮೂಗಿಗೆ ಉಳ್ಳಾಗಡ್ಡಿ, ಬಾಯಿಗೆ ಚಮಚ ಯಾವುದೂ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆ. ಫಿಟ್ಸಿನ ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ. ಮದ್ಯ ಬೇಡವೇ ಬೇಡ. ಬೈಕಿನ ಕೀಲಿ ಬೀಗ ಹಾಕಿ ಇಡಿ. 'ನನಗೇನೂ ಆಗಿಲ್ಲ' ಎನ್ನುವವನು ಒಂದು ದಿನ ಗಾಡಿ ತೆಗೆದೇ ತೆಗೆಯುತ್ತಾನೆ.

ಇನ್ನು ಸೋದರಮಾವ ಮತ್ತಿತರರು. ಗಾಳಿ ಸೋಕಿದೆ ಎಂಬ ಮಾತಿಗೆ ನಾನು ಜಗಳಕ್ಕೆ ಇಳಿಯುವುದಿಲ್ಲ. ದೇವರ ಗುಡಿಗೆ ಹೋಗಿ ಬನ್ನಿ, ಅವ್ವನ ಮನಸ್ಸಿಗೆ ಸಮಾಧಾನವಾಗುತ್ತದೆ. ಹೊಗೆ ಹಾಕುವುದು, ಹೊಡೆಯುವುದು, ಗುಳಿಗೆ ಬಿಡಿಸುವುದು ಮಾತ್ರ ಕೂಡದು. ಪಾರಿವಾಳದ ರಕ್ತದಿಂದ ಪಾರಿವಾಳ ಸಾಯುತ್ತದೆ, ಬೇರೇನೂ ಆಗುವುದಿಲ್ಲ. ಅದರ ಜೊತೆ ಬರುವ ಜೋರು ಮಾಲೀಸು ಅಪಾಯಕಾರಿ: ಬಿಗಿದ ಕೀಲನ್ನು ಬಲವಂತವಾಗಿ ಎಳೆದರೆ ಸ್ನಾಯು ಹರಿಯಬಹುದು, ಮೆತ್ತನೆಯ ಭಾಗದಲ್ಲಿ ಎಲುಬು ಬೆಳೆದು ಕೀಲು ಶಾಶ್ವತವಾಗಿ ಸೆಟೆದುಕೊಳ್ಳಲೂಬಹುದು.

ಸ್ಟೆಮ್ ಸೆಲ್‌ಗೆ ಮೂರೂವರೆ ಲಕ್ಷ ಎಂದವರ ನಂಬರನ್ನು ಅಳಿಸಿಬಿಡಿ. ಮಿದುಳಿನ ಗಾಯಕ್ಕೆ ಇದು ಸಿದ್ಧವಾದ ಚಿಕಿತ್ಸೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯ ಪ್ರಕಾರ ಇಂಥದ್ದನ್ನು ಅನುಮತಿ ಪಡೆದ ಸಂಶೋಧನೆಯ ಭಾಗವಾಗಿ ಮಾತ್ರ ಮಾಡಬಹುದು, ಸಂಶೋಧನೆಗೆ ರೋಗಿಯಿಂದ ಹಣ ಪಡೆಯುವುದು ತಪ್ಪು. ಹಣ ಕೇಳಿದರು ಎಂಬುದೇ ನಿಮಗೆ ಉತ್ತರ. ಮಿದುಳಿಗೆ ಶಕ್ತಿ ಕೊಡುವ ಇಂಜೆಕ್ಷನ್, ಗುಳಿಗೆ ಎಂದು ಬರೆಯುವುದೂ ಉಂಟು. ಹೆಚ್ಚು ಮಾರಾಟವಾಗುವ ಸಿಟಿಕೋಲಿನ್ ಎಂಬ ಔಷಧಿಯನ್ನು 1,213 ರೋಗಿಗಳಲ್ಲಿ 90 ದಿನ ಪರೀಕ್ಷಿಸಿದ ಅಮೆರಿಕದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಔಷಧಿಯೇ ಇಲ್ಲದ ಹುಸಿಗುಳಿಗೆ ತೆಗೆದುಕೊಂಡವರಿಗಿಂತ ಸಿಟಿಕೋಲಿನ್ ತೆಗೆದುಕೊಂಡವರ ಸ್ಥಿತಿ ಉತ್ತಮವಾಗಿರಲಿಲ್ಲ. ನಮ್ಮಲ್ಲಿ ಈಗಲೂ ಬರೆಯುತ್ತಾರೆ, ನನ್ನ ಸಹೋದ್ಯೋಗಿಗಳೂ ಬರೆಯುತ್ತಾರೆ. ಆ ದುಡ್ಡಿನಲ್ಲಿ ಸ್ಪೀಚ್ ಥೆರಪಿಗೆ ಹೋಗಿ ಎಂದು ನಾನು ಹೇಳುತ್ತೇನೆ.

ಹೊಲ ಮಾರಬೇಡಿ. ಅದರ ಬದಲು ಪರಿಹಾರದ ಕಡೆ ನೋಡಿ. ಗಾಡಿ ಡಿಕ್ಕಿ ಹೊಡೆದ ಪ್ರಕರಣವಾದ್ದರಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು; 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಅಪಘಾತದ ದಿನದಿಂದ ಆರು ತಿಂಗಳೊಳಗೆ. ಹತ್ತು ವಾರ ಈಗಾಗಲೇ ಹೋಗಿದೆ. ಅರ್ಜಿ ಬೇಗ ಹಾಕಿ, ರಾಜಿ ಬೇಗ ಮಾಡಿಕೊಳ್ಳಬೇಡಿ. ನಡೆದುಕೊಂಡು ಬಂದ ಹುಡುಗನನ್ನು ನೋಡಿ ಎದುರು ಕಡೆಯವರು 'ಚೆನ್ನಾಗಿದ್ದಾನಲ್ಲ' ಎನ್ನುತ್ತಾರೆ. ನೆನಪು, ಸಿಟ್ಟು, ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಎಷ್ಟು ಕುಂದಿದೆ ಎಂಬ ಮನಶ್ಶಾಸ್ತ್ರಜ್ಞರ ಲಿಖಿತ ವರದಿ ಇಲ್ಲದಿದ್ದರೆ ಕಾಲಿನ ಸೊಟ್ಟಕ್ಕೆ ಮಾತ್ರ ಪರಿಹಾರ ಸಿಗುತ್ತದೆ. ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ. ಹೆಚ್ಚಿನ ಸೌಲಭ್ಯಗಳಿಗೆ ಶೇ 40ರಷ್ಟು ನ್ಯೂನತೆ ಇರಬೇಕಾಗುತ್ತದೆ.

ಹುಡುಗಿಯ ಮನೆಯವರಿಗೆ ಹೇಳಿ. ಈ ವಾರವೇ ಹೇಳಿ. ಕಾಲಿನ ಪೆಟ್ಟು ಎಂದು ಮದುವೆ ಮಾಡಿ, ಆಮೇಲೆ ನನ್ನ ಎದುರು ಕುಳಿತು ಅತ್ತ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಲಗ್ನವಾದರೆ ಸರಿಹೋಗುತ್ತಾನೆ ಎಂದು ಹಿರಿಯರು ಹೇಳಿದರೆ ಅದಕ್ಕೆ ತಲೆಯಾಡಿಸಬೇಡಿ. ಒಂದು ವರ್ಷ ಮುಂದೂಡಲು ಆ ಹುಡುಗಿ ತಾನೇ ಒಪ್ಪಿದರೆ ಅದು ಅವಳ ನಿರ್ಧಾರ. ಒಪ್ಪದಿದ್ದರೆ ಅವಳನ್ನು ದೂರಲು ನಮಗೆ ಹಕ್ಕಿಲ್ಲ.

ನೌಕರಿ ಬಿಡಬೇಡಿ. ಮನೆಗೆ ಒಂದು ನಿಗದಿತ ಸಂಬಳ ಬೇಕು, ಅವನಿಗೆ ದಿನವಿಡೀ ಕಾವಲಿರುವ ಅಕ್ಕ ಬೇಕಾಗಿಲ್ಲ. ಮೊದಲ ಒಂದು ತಿಂಗಳು ರಜೆ ಸಿಕ್ಕರೆ ಹಾಕಿ, ಆಮೇಲೆ ಸರದಿ ಮಾಡಿಕೊಳ್ಳಿ. ಸೋದರಮಾವನಿಗೂ ಒಂದು ಪಾಳಿ ಕೊಡಿ. ವಾರಕ್ಕೆ ಎರಡು ಮಧ್ಯಾಹ್ನ ಅವನು ಹುಡುಗನ ಜೊತೆ ಕುಳಿತರೆ ಅವ್ವ ಮಲಗುತ್ತಾಳೆ, ಗಾಳಿಯ ಮಾತೂ ಕಡಿಮೆಯಾಗುತ್ತದೆ.

ಇವತ್ತೇ ಒಂದು 200 ಪುಟದ ನೋಟ್‌ಬುಕ್ ತಂದು ಅವನ ಮಂಚದ ಪಕ್ಕ ಇಡಿ. ದಿನಾಂಕ, ಯಾರು ಬಂದರು, ಏನು ತಿಂದ, ಎಷ್ಟು ನಡೆದ, ಯಾವಾಗ ಸಿಟ್ಟು ಬಂತು, ಅದಕ್ಕೆ ಮೊದಲು ಏನಾಗಿತ್ತು ಎಂಬುದನ್ನು ದಿನಕ್ಕೆ ನಾಲ್ಕು ಸಾಲು ಬರೆಯಿರಿ. ಸಂಜೆ ಅವನಿಗೆ ಓದಿ ಹೇಳಿ. ಅವನು ಪೆನ್ನು ಕೇಳಿದ ದಿನ ಕೊಟ್ಟುಬಿಡಿ, ಅಕ್ಷರ ಹೇಗಿದ್ದರೂ ತಿದ್ದಬೇಡಿ. ತೋರಿಸಲು ಹುಬ್ಬಳ್ಳಿಗೆ ಬರುವಾಗ ಸ್ಕ್ಯಾನಿನ ಕವರಿನ ಜೊತೆ ಆ ನೋಟ್‌ಬುಕ್ಕನ್ನೂ ತನ್ನಿ. ನಿಮ್ಮ ಡಾಕ್ಟರು ಕೇಳದಿದ್ದರೂ ಮೇಜಿನ ಮೇಲೆ ಇಡಿ.